ಸಾಕುಪ್ರಾಣಿಯೇ ಗುರು ಎನ್ನುವ ಎಂಟು ವಾರಗಳ ಪಾಠ: ಕೇಳಿ, ಮಾಡಿ ನೋಡಿದವನ ವಿಮರ್ಶೆ

ಮನೆಯಲ್ಲಿರುವ ನಾಯಿಯೋ ಬೆಕ್ಕೋ ನಮಗೆ ಮನಶ್ಶಾಂತಿಯನ್ನು ಕಲಿಸಬಲ್ಲದು ಎಂಬ ಭರವಸೆ ಕೊಟ್ಟು, ಮೊಬೈಲ್ ಆ್ಯಪ್‌ನ ಮೂಲಕ ಎಂಟು ವಾರಗಳ ಧ್ವನಿಪಾಠಗಳನ್ನು ಒದಗಿಸುವ ಸೇವೆಯೊಂದಕ್ಕೆ ನಾನು ಚಂದಾದಾರನಾಗಿದ್ದೆ. ಪಾಠಗಳಲ್ಲಿ ಒಂದನ್ನೂ ಬಿಡದೆ ಕೇಳಿ, ಅವು ಹೇಳಿದ ಅಭ್ಯಾಸಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಬಿಟ್ಟದ್ದು ಯಾವುದು, ಏಕೆ ಬಿಟ್ಟೆ ಎಂಬುದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ಸೇವೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಹೆಸರಿಗಿಂತ, ಇಂಥ ಪಾಠವನ್ನು ಕೊಳ್ಳುವ ಮುನ್ನ ಯಾವುದನ್ನು ಒರೆಗೆ ಹಚ್ಚಿ ನೋಡಬೇಕು ಎಂಬುದು ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಸರಣಿಯ ಚೌಕಟ್ಟು ಹೊಸದೇನಲ್ಲ. 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬತ್-ಜಿನ್ ಅವರು ಒತ್ತಡ ಶಮನಕ್ಕಾಗಿ ಆರಂಭಿಸಿದ ಎಂಟು ವಾರಗಳ ಅಭ್ಯಾಸಕ್ರಮವೇ ಇದರ ಬೆನ್ನೆಲುಬು. ಅದಕ್ಕೆ ಪ್ರಾಣಿಯನ್ನು ಸೇರಿಸಿದ್ದಷ್ಟೇ ಇವರ ಕೈಚಳಕ. ವಾರಕ್ಕೆ ಐದು ಪಾಠ, ಒಂದೊಂದೂ ಸುಮಾರು ಕಾಲು ಗಂಟೆ, ಜೊತೆಗೆ ಬರೆದುಕೊಳ್ಳಲು ಒಂದು ಟಿಪ್ಪಣಿ ಪುಸ್ತಕ, ವಾರದ ಕೊನೆಗೆ ಚಂದಾದಾರರೆಲ್ಲ ಸೇರುವ ವಿಡಿಯೊ ಸಭೆ. ಪಾಠ ಹೇಳುವವರ ಬಾಯಲ್ಲಿ 'ಮೈಂಡ್‌ಫುಲ್‌ನೆಸ್' ಎಂಬ ಮಾತು ಉಸಿರಿಗೊಮ್ಮೆ ಬರುತ್ತದೆ. ನನಗಂತೂ ಕೇಳುವಾಗಲೆಲ್ಲ ನಮ್ಮ 'ಸಾವಧಾನ' ಎಂಬ ಪದ ನೆನಪಾಗುತ್ತಿತ್ತು. ಅವಧಾನವೆಂದರೆ ಗಮನ, ಸಾವಧಾನವೆಂದರೆ ಗಮನದೊಡನೆ ಇರುವುದು. ಆದರೆ ದಿನಬಳಕೆಯಲ್ಲಿ ಸಾವಧಾನವಾಗಿ ಮಾಡು ಎಂದರೆ ಆತುರಪಡದೆ ಮಾಡು ಎಂದೇ ಅರ್ಥವಾಗುತ್ತದೆ. ಗಮನ ಕೊಟ್ಟವನು ಆತುರಪಡಲಾರ ಎಂಬ ತಿಳಿವಳಿಕೆ ಆ ಒಂದು ಪದದಲ್ಲಿಯೇ ಅಡಗಿರುವುದರಿಂದ, ಮುಂದೆ ನಾನು ಅದನ್ನೇ ಬಳಸುತ್ತೇನೆ.

ಪರೀಕ್ಷೆಗೆ ಒಳಗಾದವರು ಮೂವರು: ಒಂಬತ್ತು ವರ್ಷದ ಕರಿಯ ಎಂಬ ನಾಯಿ, ನಾಲ್ಕು ವರ್ಷದ ಚಿನ್ನಿ ಎಂಬ ಬೆಕ್ಕು ಮತ್ತು ರಾತ್ರಿ ಎರಡರವರೆಗೆ ಮೊಬೈಲ್ ಉಜ್ಜುತ್ತ ಮಲಗುವ ನಾನು. ಸರಣಿಯ ಮೊದಲ ಪಾಠ ನನ್ನಂಥವರನ್ನೇ ಗುರಿಯಾಗಿಟ್ಟುಕೊಂಡಿದೆ. ಹಾರ್ವರ್ಡ್‌ನ ಇಬ್ಬರು ಸಂಶೋಧಕರು 2010ರಲ್ಲಿ 2,250 ವಯಸ್ಕರನ್ನು ಫೋನಿನ ಮೂಲಕ ಆಗಾಗ ವಿಚಾರಿಸಿದಾಗ, ಎಚ್ಚರವಿರುವ ಹೊತ್ತಿನಲ್ಲಿ ಹೆಚ್ಚುಕಡಿಮೆ 47 ಪ್ರತಿಶತ ಸಂದರ್ಭಗಳಲ್ಲಿ ಅವರ ಮನಸ್ಸು ಮಾಡುತ್ತಿರುವ ಕೆಲಸವನ್ನು ಬಿಟ್ಟು ಬೇರೆಲ್ಲೋ ಅಲೆಯುತ್ತಿತ್ತು. ಈ ಅಧ್ಯಯನವನ್ನು ಪಾಠವು ಸರಿಯಾಗಿಯೇ ಹೇಳುತ್ತದೆ. ಎಡವುವುದು ಅದರ ಮರುವಾಕ್ಯದಲ್ಲಿ: ಪ್ರಾಣಿಗೆ ನಿನ್ನೆಯೂ ಇಲ್ಲ, ನಾಳೆಯೂ ಇಲ್ಲ, ಅದು ಸದಾ ಈ ಕ್ಷಣದಲ್ಲಿಯೇ ಬದುಕುತ್ತದೆ, ಆದ್ದರಿಂದಲೇ ಅದು ಶಾಂತವಾಗಿದೆ ಎಂದು ಅದು ಘೋಷಿಸಿಬಿಡುತ್ತದೆ.

ನಾಯಿ ಸಾಕಿದ ಯಾರೂ ಇದನ್ನು ಒಪ್ಪಲಾರರು. ಉಗುರು ಕತ್ತರಿಸುವ ಸಲಕರಣೆಯಿರುವ ಡ್ರಾಯರನ್ನು ನಾನು ಎಳೆದ ಸದ್ದಾದರೆ ಸಾಕು, ಕರಿಯ ಮಂಚದ ಕೆಳಗಿನ ಮೂಲೆಗೆ ಸೇರಿಕೊಳ್ಳುತ್ತಾನೆ. ಅದೇ ಬಗೆಯ, ಪಕ್ಕದಲ್ಲಿಯೇ ಇರುವ ಇನ್ನೊಂದು ಡ್ರಾಯರನ್ನು ಎಳೆದರೆ ಕಿವಿಯನ್ನೂ ಆಡಿಸುವುದಿಲ್ಲ. ನಿನ್ನೆಯ ನೆನಪೂ ಇನ್ನರೆಕ್ಷಣದಲ್ಲಿ ಏನಾದೀತೆಂಬ ಅಂದಾಜೂ ಇಲ್ಲದ ಜೀವ ಹೀಗೆ ಮಾಡಲಾರದು. 2016ರಲ್ಲಿ ಹಂಗೇರಿಯ ಸಂಶೋಧಕರು, ಯಜಮಾನರು ಮಾಡಿ ತೋರಿಸಿದ ಕ್ರಿಯೆಗಳನ್ನು ನಾಯಿಗಳು, ಮುಂದೆ ಯಾರಾದರೂ ಕೇಳುತ್ತಾರೆಂಬ ನಿರೀಕ್ಷೆ ಇಲ್ಲದಿದ್ದರೂ, ಸ್ವಲ್ಪ ಹೊತ್ತಿನ ಬಳಿಕ ನೆನಪಿಸಿಕೊಂಡು ಅನುಕರಿಸಬಲ್ಲವು ಎಂದು ತೋರಿಸಿದ್ದಾರೆ. ಹಾಗಾಗಿ ಪ್ರಾಣಿಯ ಶಾಂತಿಗೆ ಮರೆವು ಕಾರಣವೆನ್ನುವುದು ನಮ್ಮ ಅನುಕೂಲಕ್ಕೆ ನಾವು ಕಟ್ಟಿಕೊಂಡ ಕಥೆ.

ನಿಜವಾಗಿ ಕಲಿಯಬೇಕಾದದ್ದು ಬೇರೆ ಇದೆ, ಅದನ್ನು ಸರಣಿ ಗಮನಿಸಿಯೇ ಇಲ್ಲ. ಎರಡನೆಯ ವಾರದಲ್ಲಿ ಒಂದು ಸಂಜೆ ಗುಡುಗು ಬಂತು. ಕರಿಯನಿಗೆ ಗುಡುಗೆಂದರೆ ಪ್ರಾಣಭಯ. ಬಚ್ಚಲುಮನೆಯ ಗೋಡೆಗೆ ಬೆನ್ನು ಒತ್ತಿ ಕೂತು, ಬಾಯಿ ತೆರೆದು ತೇಕುತ್ತ, ಮುಂಗಾಲು ನಡುಗಿಸುತ್ತಿದ್ದ. ನಾನು ಪಕ್ಕದಲ್ಲಿ ಸುಮ್ಮನೆ ಕೂತೆ. ಕೊನೆಯ ಗುಡುಗು ದೂರ ಸರಿದು ಕೆಲವು ನಿಮಿಷಗಳಾದ ಮೇಲೆ ಎದ್ದು ನಿಂತ, ಮೂತಿಯಿಂದ ಶುರುವಾಗಿ ಕಿವಿ, ಹೆಗಲು, ಪಕ್ಕೆ, ಕೊನೆಗೆ ಬಾಲದ ತುದಿಯವರೆಗೆ ಒಮ್ಮೆ ಜೋರಾಗಿ ಮೈ ಕೊಡವಿದ, ಬಟ್ಟಲಿನ ನೀರನ್ನು ಲೊಚಲೊಚನೆ ಕುಡಿದ, ಎರಡು ಸುತ್ತು ತಿರುಗಿ ತನ್ನ ಚಾಪೆಯ ಮೇಲೆ ಮುದುಡಿ ಮಲಗಿದ. ಅದೇ ದಿನ ಮಧ್ಯಾಹ್ನ ಫೋನಿನಲ್ಲಿ ಒಬ್ಬರೊಡನೆ ಆಗಿದ್ದ ಮಾತಿನ ಜಟಾಪಟಿಯನ್ನು ನಾನು ಮೂರು ದಿನ ಮೆಲುಕು ಹಾಕಿದೆ. ಕರಿಯ ಹೆದರಲಿಲ್ಲವೆಂದಲ್ಲ, ನನಗಿಂತ ಹತ್ತು ಪಟ್ಟು ಹೆಚ್ಚು ಹೆದರಿದ್ದ. ಭಯ ಮುಗಿದ ಮೇಲೆ ಅದನ್ನು ಮುಗಿಯಲು ಬಿಟ್ಟ, ಅಷ್ಟೆ. ಎಲ್ಲ ನಾಯಿಗಳಿಗೂ ಇದು ಸಾಧ್ಯವಿಲ್ಲ ಎಂಬುದನ್ನೂ ಹೇಳಬೇಕು. ಸದ್ದಿನ ಭಯ ಗಂಟೆಗಟ್ಟಲೆ ಇಳಿಯದಿದ್ದರೆ ಅದು ಪಶುವೈದ್ಯರಿಗೆ ತೋರಿಸಬೇಕಾದ ತೊಂದರೆಯೇ ಹೊರತು ಧ್ಯಾನದ ವಿಷಯವಲ್ಲ.

ಎರಡನೆಯ ವಾರದ ಅಭ್ಯಾಸವೆಂದರೆ ಪ್ರಾಣಿಯ ಪಕ್ಕೆಯ ಮೇಲೆ ಕೈಯಿಟ್ಟು ನಮ್ಮ ಉಸಿರನ್ನು ಅದರ ಉಸಿರಿನ ಲಯಕ್ಕೆ ಹೊಂದಿಸುವುದು. ಕೇಳಲು ಚೆಂದ, ಮಾಡಲು ತಪ್ಪು. ವಿಶ್ರಾಂತಿಯಲ್ಲಿರುವ ವಯಸ್ಕ ಮನುಷ್ಯ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡಿದರೆ, ಮಲಗಿರುವ ಬೆಕ್ಕು ಅಥವಾ ನಾಯಿಯ ಉಸಿರು 30ರ ಹತ್ತಿರ ಹೋದರೂ ಅದು ಸಹಜವೇ; ಓಡಿ ಬಂದು ತೇಕುವ ನಾಯಿಯ ಉಸಿರಂತೂ 200ನ್ನು ದಾಟುವುದುಂಟು. ಚಿನ್ನಿಯ ಲಯಕ್ಕೆ ಉಸಿರು ಹೊಂದಿಸಲು ಹೋಗಿ ಐದನೆಯ ನಿಮಿಷಕ್ಕೆ ನನ್ನ ತಲೆ ಸುತ್ತಿತು, ಬೆರಳ ತುದಿ ಜುಮ್ಮೆಂದಿತು. ಗಾಬರಿಯ ಸ್ವಭಾವದವರು ಇದನ್ನು ಮಾಡಿದರೆ ಶಾಂತಿಯ ಬದಲು ಗಾಬರಿಯೇ ಹೆಚ್ಚಾದೀತು.

ಅಚ್ಚರಿಯೆಂದರೆ, ಮೂರನೆಯ ವಾರದಲ್ಲಿ ಅದೇ ವಸ್ತುವನ್ನು ಹಿಡಿದು ಅವರು ಇಡೀ ಸರಣಿಯ ಅತ್ಯುತ್ತಮ ಪಾಠವನ್ನು ಕೊಟ್ಟಿದ್ದಾರೆ. ಹೊಂದಿಸಬೇಡಿ, ಎಣಿಸಿ ಎನ್ನುತ್ತದೆ ಈ ಪಾಠ. ಪ್ರಾಣಿ ಗಾಢವಾಗಿ ಮಲಗಿದ ಮೇಲೆ, ಮುಟ್ಟದೆ, ಎದೆ ಒಮ್ಮೆ ಏರಿ ಇಳಿದರೆ ಒಂದು ಎಂದು ಮೂವತ್ತು ಸೆಕೆಂಡು ಎಣಿಸಿ, ಬಂದದ್ದನ್ನು ಎರಡರಿಂದ ಗುಣಿಸಿ ಪುಸ್ತಕದಲ್ಲಿ ಬರೆಯುವುದು. ಇದು ಧ್ಯಾನದವರು ಹುಟ್ಟುಹಾಕಿದ ತಂತ್ರವಲ್ಲ. ಹೃದಯದ ಕಾಯಿಲೆಯಿರುವ ನಾಯಿ ಬೆಕ್ಕುಗಳನ್ನು ಮನೆಯಲ್ಲಿ ಗಮನಿಸುವುದಕ್ಕೆ ಪಶುವೈದ್ಯರು ಹೇಳಿಕೊಡುವ ಕ್ರಮ. ಮಲಗಿದಾಗಿನ ಉಸಿರು ಮತ್ತೆ ಮತ್ತೆ 30ನ್ನು ಮೀರುತ್ತಿದ್ದರೆ ತಮಗೆ ತಿಳಿಸಿ ಎನ್ನುತ್ತಾರೆ. ಪಾಠದಲ್ಲಿ ಈ ಮಾತನ್ನೂ ಹೇಳಿರುವುದು ಮೆಚ್ಚಬೇಕಾದದ್ದು.

ಮೊದಲ ರಾತ್ರಿ ನನ್ನ ಲೆಕ್ಕ ಏಳಕ್ಕೇ ತಪ್ಪಿತು, ನಡುವೆ ಮರುದಿನದ ಕೆಲಸ ನೆನಪಾಗಿತ್ತು. ಎರಡನೆಯ ಸಲ ಹನ್ನೊಂದಕ್ಕೆ ತಪ್ಪಿತು. ನಾಲ್ಕನೆಯ ರಾತ್ರಿಯ ಹೊತ್ತಿಗೆ, ಎಣಿಸುವುದು ಮುಗಿದ ಮೇಲೂ ನಾನು ನೋಡುತ್ತ ಕೂತಿದ್ದೇನೆ ಎಂಬುದು ಅರಿವಿಗೆ ಬಂತು. ಕರಿಯನ ಎದೆಗಿಂತ ಮೊದಲು ಹೊಟ್ಟೆಯ ಪಕ್ಕ ಏಳುತ್ತದೆ. ಕೊನೆಯ ಪಕ್ಕೆಲುಬಿನ ಹಿಂದಿನ ಒಂದು ಕಡೆ ಕೂದಲು ಇಬ್ಭಾಗವಾಗಿ ಉಸಿರೆಳೆದಾಗ ಬಿರಿಯುತ್ತದೆ, ಬಿಟ್ಟಾಗ ಮುಚ್ಚಿಕೊಳ್ಳುತ್ತದೆ. ಕನಸು ಬೀಳುವ ಮುನ್ನ ಮೀಸೆಯ ಬುಡ ಅದುರಿ, ಆಮೇಲೆ ಮುಂಗಾಲಿನ ಬೆರಳು ಒಂದೊಂದಾಗಿ ಆಡುತ್ತವೆ, ಆಗ ಉಸಿರು ಲಯ ತಪ್ಪುವುದರಿಂದ ಎಣಿಕೆಯನ್ನು ನಿಲ್ಲಿಸಿ ಕಾಯಬೇಕಾಗುತ್ತದೆ. ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದೂ ಇದಾವುದನ್ನೂ ನಾನು ನೋಡಿರಲಿಲ್ಲ. ನಮ್ಮ ಉಸಿರನ್ನು ನಾವೇ ಗಮನಿಸಲು ಕೂತರೆ ಉಸಿರು ಕೃತಕವಾಗುತ್ತದೆ, ಬೇಸರವೂ ಬರುತ್ತದೆ. ಇನ್ನೊಂದು ಜೀವದ ಉಸಿರಾದರೆ ನಮ್ಮ ಗಮನಕ್ಕೆ ಬಾಗುವುದಿಲ್ಲ, ನಾವೇ ಅದಕ್ಕೆ ಕಾಯಬೇಕು. ಪ್ರಾಣಿ ನಮಗೇನೂ ಬೋಧಿಸುತ್ತಿಲ್ಲ. ಆದರೆ ಅದನ್ನು ಸರಿಯಾಗಿ ನೋಡಬೇಕೆಂದರೆ ನಮ್ಮ ಮನಸ್ಸು ತೆಪ್ಪಗಿರದೆ ಗತ್ಯಂತರವಿಲ್ಲ. ಸರಣಿಯು ಪ್ರಾಣಿಯನ್ನು ನೋಡಿಸಿದ ಕಡೆಯೆಲ್ಲ ಗೆದ್ದಿದೆ, ಅದನ್ನು ಕನ್ನಡಿ ಮಾಡಿಕೊಂಡು ನಮ್ಮನ್ನೇ ನೋಡಿಸಿದ ಕಡೆಯೆಲ್ಲ ಸೋತಿದೆ ಎಂಬ ನನ್ನ ತೀರ್ಮಾನ ರೂಪುಗೊಂಡದ್ದು ಈ ವಾರದಲ್ಲಿ.

ನಾಲ್ಕನೆಯ ವಾರ ಬೆಕ್ಕಿನದು. ಬೆಕ್ಕಿನ ಎದುರು ಕಣ್ಣನ್ನು ಅರೆಮುಚ್ಚಿ, ನಿಧಾನವಾಗಿ ಪೂರ್ತಿ ಮುಚ್ಚಿ ತೆರೆಯುವ ಅಭ್ಯಾಸಕ್ಕೆ 2020ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರ ಅಧ್ಯಯನದ ಆಧಾರವಿದೆ: ಹೀಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳು ಮರಳಿ ಹಾಗೆಯೇ ಮಿಟುಕಿಸುವ ಸಂಭವ ಹೆಚ್ಚು, ಅಪರಿಚಿತರಾದರೂ ನಿರ್ಭಾವದ ಮುಖದವರಿಗಿಂತ ಹೀಗೆ ಮಿಟುಕಿಸಿದವರ ಬಳಿಗೆ ಅವು ಹೆಚ್ಚಾಗಿ ಬರುತ್ತವೆ. ಚಿನ್ನಿ ಮೂರು ದಿನ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿ, ನಾಲ್ಕನೆಯ ದಿನ ಕಿಟಕಿಯ ಕಟ್ಟೆಯ ಮೇಲಿಂದ ಒಮ್ಮೆ, ಬಹಳ ಬಿಗುಮಾನದಿಂದ, ಉತ್ತರ ಕೊಟ್ಟಳು. ಕಾಯುವುದನ್ನು ಕಲಿಯಲು ಬೆಕ್ಕಿಗಿಂತ ಕಟ್ಟುನಿಟ್ಟಿನ ಶಾಲೆಯಿಲ್ಲ. ಕರೆದರೆ ಬಾರದ್ದು, ಕರೆಯದಿದ್ದರೆ ಬಂದೀತು.

ಅದೇ ವಾರದ ಐದನೆಯ ಪಾಠ ಇದನ್ನೆಲ್ಲ ಹಾಳು ಮಾಡಿಬಿಡುತ್ತದೆ. ಬೆಕ್ಕಿನ ಗುರುಗುರು ಸದ್ದಿನ ಧ್ವನಿಮುದ್ರಣವನ್ನು ಕೇಳಿಸಿ, ಅದು ಮೂಳೆಗಳನ್ನು ವಾಸಿಮಾಡುತ್ತದೆ, ಆ ಸದ್ದು ಬೆಕ್ಕಿನ ಪರಮಶಾಂತಿಯ ಗುರುತು ಎಂದು ಹೇಳುತ್ತಾರೆ. ಆ ಸದ್ದಿನ ಕಂಪನ ಸುಮಾರು 25ರಿಂದ 150 ಹರ್ಟ್ಸ್‌ನ ನಡುವೆ ಇರುತ್ತದೆ ಎಂಬುದು ಸರಿ. ವಾಸಿಮಾಡುತ್ತದೆ ಎಂಬುದು ಊಹೆಯೇ ಹೊರತು ಸಾಬೀತಾದ ಸಂಗತಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಬೆಕ್ಕು ನೋವಿನಲ್ಲಿಯೂ ಭಯದಲ್ಲಿಯೂ ಹೆರಿಗೆಯ ವೇಳೆಯಲ್ಲಿಯೂ ಗುರುಗುಟ್ಟುತ್ತದೆ. ಕಳೆದ ವರ್ಷ ಹಲ್ಲಿನ ಸೋಂಕಿನಿಂದ ನರಳುತ್ತಿದ್ದ ಚಿನ್ನಿ ವೈದ್ಯರ ಮೇಜಿನ ಮೇಲೆ ಇಡೀ ಹೊತ್ತು ಗುರುಗುಟ್ಟಿದ್ದಳು. ಈ ಪಾಠವನ್ನು ನಂಬಿದವರು ಅಂಥ ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಧ್ಯಾನಕ್ಕೆ ಕೂತಾರು.

ಐದನೆಯ ವಾರದ 'ಮೂಗಿನ ನಡಿಗೆ' ನನ್ನ ಮೆಚ್ಚುಗೆಗೆ ಪಾತ್ರವಾದ ಎರಡನೆಯ ಪಾಠ. ನಾಯಿಯನ್ನು ಉದ್ದನೆಯ ಹಗ್ಗದಲ್ಲಿ ಬಿಟ್ಟು, ದಿಕ್ಕು ಮತ್ತು ವೇಗ ಎರಡನ್ನೂ ಅದರ ಮೂಗಿಗೇ ಒಪ್ಪಿಸಿ, ಫೋನು ಮನೆಯಲ್ಲಿಟ್ಟು ಹಿಂಬಾಲಿಸುವುದು ಇದರ ವಿಧಾನ. ಮೂಸುವ ಆಟಗಳನ್ನು ಎರಡು ವಾರ ಆಡಿದ ನಾಯಿಗಳು ಅನಿಶ್ಚಿತ ಸನ್ನಿವೇಶದಲ್ಲಿ ಹೆಚ್ಚು ಆಶಾವಾದದಿಂದ ನಡೆದುಕೊಳ್ಳುತ್ತವೆ, ಪಕ್ಕದಲ್ಲಿ ಹೆಜ್ಜೆ ಹಾಕುವ ತರಬೇತಿ ಪಡೆದವುಗಳಲ್ಲಿ ಆ ಬದಲಾವಣೆ ಕಾಣುವುದಿಲ್ಲ ಎಂದು 2019ರ ಅಧ್ಯಯನವೊಂದು ಹೇಳಿತ್ತು. ಮೊದಲ ದಿನ ಇಪ್ಪತ್ತು ನಿಮಿಷದಲ್ಲಿ ನಾವು ಕ್ರಮಿಸಿದ್ದು ಗೇಟಿನಿಂದ ಎರಡನೆಯ ದೀಪದ ಕಂಬದವರೆಗಿನ ದೂರವನ್ನು ಮಾತ್ರ. ಒಂದು ಹುಲ್ಲಿನ ಎಸಳನ್ನು ಕರಿಯ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ, ಮತ್ತೆ ಅದರ ಹಿಂಬದಿಯನ್ನೂ ಪರಾಂಬರಿಸಿದ್ದನ್ನು ನೋಡಿದಾಗ, ನಾನು ಯಾವ ಕಾಗದಪತ್ರವನ್ನೂ ಇಷ್ಟು ಶ್ರದ್ಧೆಯಿಂದ ಓದಿಲ್ಲ ಎನ್ನಿಸಿತು. 'ಬೇಗ ಬಾರೋ' ಎಂಬ ಮಾತು ಎಷ್ಟು ಸಲ ನನ್ನ ನಾಲಗೆಯ ತುದಿಗೆ ಬರುತ್ತದೆ ಎಂದು ಲೆಕ್ಕವಿಡಲು ಪಾಠ ಹೇಳುತ್ತದೆ. ನನ್ನ ಲೆಕ್ಕ ಹದಿನಾಲ್ಕು.

ಆರನೆಯ ವಾರದಿಂದ ಸರಣಿ ಇಳಿಜಾರು ಹಿಡಿಯುತ್ತದೆ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 249 ವಿದ್ಯಾರ್ಥಿಗಳನ್ನು ಬಳಸಿಕೊಂಡು ಮಾಡಿದ 2019ರ ಪ್ರಯೋಗದಲ್ಲಿ, ಹತ್ತು ನಿಮಿಷ ನಾಯಿ ಬೆಕ್ಕುಗಳ ಮೈದಡವಿದವರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್‌ನ ಪ್ರಮಾಣ ಇಳಿದದ್ದು ಕಂಡುಬಂದಿತ್ತು. ಪಾಠವು ಇದನ್ನು ಹೇಳಿ, ಮೈದಡವುವುದನ್ನು ಬಿಟ್ಟು, ಹಣೆಗೆ ಹಣೆ ತಾಗಿಸಿ ಮೂರು ನಿಮಿಷ ಅಪ್ಪಿಕೊಂಡಿರಲು ಸೂಚಿಸುತ್ತದೆ. ಕರಿಯ ಮೊದಲು ಮುಖ ಆಚೆ ತಿರುಗಿಸಿದ, ಆಮೇಲೆ ತುಟಿ ನೆಕ್ಕಿದ, ಆಮೇಲೆ ದೊಡ್ಡದಾಗಿ ಆಕಳಿಸಿದ. ಕಣ್ಣಿನ ಅಂಚಿನಲ್ಲಿ ಬಿಳಿ ಕಾಣಿಸಿತು. ನನ್ನ ಕಿವಿಯಲ್ಲಿ ಧ್ವನಿ ಹೇಳುತ್ತಿತ್ತು: ನಿಮ್ಮ ಸಂಗಾತಿ ಈಗ ಆಕಳಿಸುತ್ತಿರಬಹುದು, ಅದು ನಿರಾಳತೆಯ ಲಕ್ಷಣ. ಅಲ್ಲ. ನಿದ್ದೆಯ ಹೊತ್ತಲ್ಲದ ಹೊತ್ತಿನ ಆಕಳಿಕೆ, ತುಟಿ ನೆಕ್ಕುವುದು, ಮುಖ ತಿರುಗಿಸುವುದು ಇವೆಲ್ಲ ಒಟ್ಟಾಗಿ ಬಂದರೆ ನನಗೆ ಕಸಿವಿಸಿಯಾಗುತ್ತಿದೆ, ಬಿಡು ಎನ್ನುವ ನಾಯಿಭಾಷೆ. ನಾರ್ವೆಯ ತರಬೇತುದಾರರಾದ ಟೂರಿಡ್ ರೂಗೋಸ್ ಇಂಥ ಸಂಜ್ಞೆಗಳನ್ನು ಪಟ್ಟಿ ಮಾಡಿಕೊಟ್ಟು ದಶಕಗಳೇ ಆದವು. ಮಕ್ಕಳಿರುವ ಮನೆಯಲ್ಲಿ ಈ ಪಾಠವನ್ನು ಅನುಸರಿಸಿದರೆ ಯಾರಾದರೂ ಕಚ್ಚಿಸಿಕೊಳ್ಳುವ ಸಂಭವವಿದೆ. ನಮಗೆ ಶಾಂತಿ, ಅದಕ್ಕೆ ಸಂಕಟ. 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ಗಾದೆಯಲ್ಲಿ ಬೆಕ್ಕಿನ ಪಾತ್ರ ಈ ಸಲ ನಮ್ಮದು.

ನಾನು ಮಾಡದೆ ಬಿಟ್ಟ ಅಭ್ಯಾಸ ಏಳನೆಯ ವಾರದ್ದು. ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಟೀ ಟ್ರೀ ಎಣ್ಣೆ ಸೇರಿದಂತೆ ಕೆಲವು ಸುಗಂಧ ತೈಲಗಳನ್ನು ಯಂತ್ರದಲ್ಲಿ ಹಬೆಯಾಡಿಸಿ, ಪ್ರಾಣಿಯ ಜೊತೆ ಕೂರಬೇಕಂತೆ. ಟೀ ಟ್ರೀ ಎಣ್ಣೆ ನಾಯಿ ಬೆಕ್ಕುಗಳೆರಡಕ್ಕೂ ವಿಷಕಾರಿ. ಬೆಕ್ಕಿನ ಯಕೃತ್ತಿನಲ್ಲಿ ಇಂಥ ಹಲವು ರಾಸಾಯನಿಕಗಳನ್ನು ಗ್ಲುಕುರೋನೈಡ್ ಎಂಬ, ನೀರಿನಲ್ಲಿ ಕರಗುವ ರೂಪಕ್ಕೆ ಮಾರ್ಪಡಿಸಿ ಹೊರಹಾಕುವ ಕಿಣ್ವದ ಶಕ್ತಿ ಬಹಳ ಕಡಿಮೆ. ಸಾಲದ್ದಕ್ಕೆ, ಮೈಮೇಲೆ ಕೂತ ಹನಿಗಳನ್ನು ಅದು ನೆಕ್ಕಿ ನುಂಗುತ್ತದೆ. ಸೇವೆಯವರಿಗೆ ಇದನ್ನು ವಿವರವಾಗಿ ಬರೆದು ತಿಳಿಸಿದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂಬ ಎರಡು ಸಾಲಿನ ಉತ್ತರ ಬಂತು. ನಾನು ಚಂದಾ ನಿಲ್ಲಿಸುವ ದಿನದವರೆಗೂ ಪಾಠ ಹಾಗೆಯೇ ಇತ್ತು. ಉಳಿದ ತಪ್ಪುಗಳನ್ನು ಅಜ್ಞಾನವೆಂದು ಮನ್ನಿಸಬಹುದು, ತಿಳಿಸಿದ ಮೇಲೂ ತಿದ್ದದ ಇದನ್ನು ಮನ್ನಿಸಲಾರೆ.

ಇರಬೇಕಾಗಿದ್ದು, ಇಲ್ಲದಿರುವುದು ಇನ್ನೊಂದಿದೆ. ಪ್ರಾಣಿಯ ಶಾಂತಿ ನಮಗೆ ದಾಟುವುದನ್ನು ಮಾತ್ರ ಸರಣಿ ಹೇಳುತ್ತದೆ, ನಮ್ಮ ಅಶಾಂತಿ ಅದಕ್ಕೆ ದಾಟುವುದರ ಬಗ್ಗೆ ಚಕಾರವಿಲ್ಲ. ಸ್ವೀಡನ್ನಿನ ಲಿಂಚೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ 58 ನಾಯಿಗಳ ಮತ್ತು ಅವುಗಳ ಒಡತಿಯರ ಕೂದಲಿನಲ್ಲಿ ಸೇರಿಕೊಂಡ ಕಾರ್ಟಿಸೋಲನ್ನು ಅಳೆದಾಗ, ತಿಂಗಳುಗಟ್ಟಲೆಯ ಒತ್ತಡ ಇಬ್ಬರಲ್ಲಿಯೂ ಜೊತೆಜೊತೆಯಾಗಿ ಏರಿಳಿದದ್ದು ಕಂಡಿತು. ನಾಯಿಗಳೇ ಒಡತಿಯರ ಒತ್ತಡವನ್ನು ಪ್ರತಿಬಿಂಬಿಸುತ್ತಿವೆ ಎಂಬುದು ಅವರ ಅನುಮಾನ. 2022ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ತರಬೇತಾದ ನಾಲ್ಕು ನಾಯಿಗಳು, ಕಷ್ಟದ ಲೆಕ್ಕ ಮಾಡುವ ಮುಂಚಿನ ಮತ್ತು ಆಮೇಲಿನ ಉಸಿರು ಬೆವರುಗಳ ಮಾದರಿಗಳಲ್ಲಿ ಒತ್ತಡದ್ದು ಯಾವುದೆಂದು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಲ ಮೂಗಿನಿಂದಲೇ ಗುರುತಿಸಿದವು. ಕೋಪವನ್ನು ಅದುಮಿಕೊಂಡು, ಮುಖದಲ್ಲಿ ಮಂದಹಾಸ ತಂದುಕೊಂಡು ನಾನು ಪಾಠಕ್ಕೆ ಕೂತ ಒಂದು ಸಂಜೆ ಕರಿಯ ಏಕೆ ಎದ್ದು ಪಕ್ಕದ ಕೋಣೆಗೆ ಹೋದನೆಂಬುದಕ್ಕೆ ಇದೇ ಕಾರಣವೆಂದು ಆಣೆ ಮಾಡಿ ಹೇಳಲಾರೆನಾದರೂ, ಅವನ ಮೂಗಿನ ಮುಂದೆ ನನ್ನ ಮಂದಹಾಸ ನಡೆಯಲಿಲ್ಲವೆಂಬ ಗುಮಾನಿ ನನಗಿದೆ.

ಎಂಟನೆಯ ವಾರದಲ್ಲಿ ಹಿಂದಿನದರ ಪುನರಾವರ್ತನೆ ಬಿಟ್ಟರೆ ಬೇರೇನಿಲ್ಲ. ತಾಂತ್ರಿಕ ಸಂಗತಿಗಳಲ್ಲಿ, ಧ್ವನಿ ಸ್ಪಷ್ಟವಾಗಿದೆ, ಮಾತಿನ ಗತಿ ಹಿತವಾಗಿದೆ, ಪಾಠಗಳನ್ನು ಇಳಿಸಿಟ್ಟುಕೊಂಡು ಇಂಟರ್ನೆಟ್ ಇಲ್ಲದೆಯೂ ಕೇಳಬಹುದು. ಪಾಠದ ಆದಿ ಅಂತ್ಯಗಳಲ್ಲಿ ಬಾರಿಸುವ ಗಂಟೆ ಮಾತ್ರ ತೀರ ಕೀರಲು. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತರೆ ಬೆಕ್ಕಿನದು 60ನ್ನೂ ದಾಟುತ್ತದೆ ಎಂಬುದನ್ನು ನೆನಪಿಟ್ಟವರು ಯಾರೂ ಅದನ್ನು ಆಯ್ದುಕೊಳ್ಳುತ್ತಿರಲಿಲ್ಲ. ಸ್ಪೀಕರ್‌ನಲ್ಲಿ ಹಾಕಿದ ಮೊದಲ ದಿನವೇ ಚಿನ್ನಿ ಕಿವಿ ಹಿಂದಕ್ಕೆ ಮಡಿಚಿ ಕಪಾಟಿನ ಮೇಲೇರಿದ್ದರಿಂದ ಇಯರ್‌ಫೋನೇ ಗತಿಯಾಯಿತು. ವಾರಾಂತ್ಯದ ಸಭೆಗಳು ತಮ್ಮ ತಮ್ಮ ಪ್ರಾಣಿಯ ಫೋಟೊ ತೋರಿಸುವುದರಲ್ಲಿಯೇ ಮುಗಿಯುತ್ತವೆ. ಚಂದಾ ತಾನಾಗಿಯೇ ನವೀಕರಣಗೊಳ್ಳುತ್ತದೆ. ಅದನ್ನು ನಿಲ್ಲಿಸುವ ಗುಂಡಿಯನ್ನು ಐದು ಪುಟ ಆಳದಲ್ಲಿ ಹುದುಗಿಸಿಟ್ಟಿರುವುದು ಮನಶ್ಶಾಂತಿ ಮಾರುವವರಿಗೆ ಶೋಭಿಸುವ ಕೆಲಸವಲ್ಲ.

ಐದು ಅಂಕಗಳಿಗೆ ನಾನು ಕೊಡುವುದು ಎರಡೂವರೆ. ಈಗಾಗಲೇ ಪ್ರಾಣಿ ಸಾಕಿರುವವರು, ಅಲ್ಪಾವಧಿಯ ಚಂದಾ ಇದ್ದರೆ ಪಡೆದು, ಮೂರು ಮತ್ತು ಐದನೆಯ ವಾರಗಳ ಪಾಠಗಳನ್ನೂ ನಾಲ್ಕನೆಯದರ ಮೊದಲ ನಾಲ್ಕನ್ನೂ ಕೇಳಬಹುದು. ಆರು ಮತ್ತು ಏಳನ್ನು ತೆರೆಯುವುದೇ ಬೇಡ. ಈ ಜಾಹೀರಾತನ್ನು ನೋಡಿ, ಶಾಂತಿ ಸಿಕ್ಕೀತೆಂದು ನಾಯಿಮರಿ ತರಲು ಹೊರಟವರು ಒಂದು ಕ್ಷಣ ನಿಲ್ಲಬೇಕು. ಮೊದಲ ಆರು ತಿಂಗಳು ಮರಿ ಕಲಿಸುವುದು ಚಪ್ಪಲಿಯನ್ನು ಎತ್ತರದಲ್ಲಿಡುವುದನ್ನು, ನಡುರಾತ್ರಿ ಏಳುವುದನ್ನು ಮತ್ತು ನೆಲ ಒರೆಸುವುದನ್ನು. ನನ್ನ ಚಂದಾ ನಿಂತು ಹದಿನೈದು ದಿನಗಳಾದವು, ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಸಾಲುಗಳು ಮುಂದುವರಿದಿವೆ: ನಿನ್ನೆ ರಾತ್ರಿ ಕರಿಯ 18, ಚಿನ್ನಿ 22, ನಡುವೆ ಒಂದು ಸಲ ಲೆಕ್ಕ ತಪ್ಪಿ ಮತ್ತೆ ಎಣಿಸಿದ್ದು.